ಬೇಬಿ ಆಸ್ಟಿನ್ನಿನ ತವರೂರು

ಇಂಗ್ಲೆಂಡಿನ ನಟ್ಟನಡುವಿನ ಬರ್ಮಿಂಗ್‌ಹ್ಯಾಮ್ ನಗರದಿಂದ ದಕ್ಷಿಣಕ್ಕೆ ಹೊರಡುವ ಸ್ಥಳೀಯ ರೈಲು ಅರ್ಧ ಗಂಟೆಯೊಳಗಾಗಿ ಪ್ರವಾಸಿಯನ್ನು ಲಾಂಗ್‌ಬ್ರಿಜ್ ನಿಲ್ದಾಣದಲ್ಲಿ ಇಳಿಸುತ್ತದೆ. ದಾರಿಯಲ್ಲಿ ಬೋರ್ನ್‌ವಿಲ್ ಸಿಕ್ಕುತ್ತದೆ. ಅದು ಕ್ಯಾಡ್ಬರಿಯವರ ಚಾಕೊಲೇಟಿನ ಊರು. ನಿಲ್ದಾಣಕ್ಕೂ ಚಾಕೊಲೇಟಿನ ಹೊದಿಕೆಯ ನೇರಳೆ ಬಣ್ಣವನ್ನೇ ಬಳಿದಿದ್ದಾರೆ. ಮಕ್ಕಳೊಡನೆ ಬಂದವರು ಅಲ್ಲಿಯೇ ಇಳಿದುಬಿಡುತ್ತಾರೆ. ಲಾಂಗ್‌ಬ್ರಿಜ್‌ವರೆಗೆ ಬರುವ ಪ್ರವಾಸಿಗಳು ವಿರಳ. ಹಾಗೆ ಬಂದವರ ಉಗುರಿನ ಸಂದುಗಳಲ್ಲಿ ಸಾಬೂನಿಗೂ ಬಗ್ಗದ ಕರಿಯ ಎಣ್ಣೆಯ ಗೆರೆ ಕಂಡರೆ ಅವರು ಬಂದ ಕಾರಣವನ್ನು ಬೇರೆ ಕೇಳಬೇಕಾಗಿಲ್ಲ. ಅವರ ಮನೆಯ ಹಿತ್ತಿಲ ಷೆಡ್ಡಿನಲ್ಲಿ ತೊಂಬತ್ತು ವರ್ಷಗಳಷ್ಟು ಹಳೆಯದಾದ ಆಸ್ಟಿನ್ ಸೆವೆನ್ ಮೋಟಾರೊಂದು ಎಂಜಿನು ಬಿಚ್ಚಿಸಿಕೊಂಡು ಮಲಗಿದೆ. ಅದು ಹುಟ್ಟಿದ ಊರನ್ನು ಒಮ್ಮೆ ಕಣ್ಣಾರೆ ಕಂಡುಹೋಗಬೇಕೆಂದು ಅವರು ಬಂದಿದ್ದಾರೆ.

ತವರೂರಿನಲ್ಲಿ ತವರುಮನೆ ಈಗ ಇಲ್ಲ. ಕಾರಖಾನೆ ಇದ್ದ ವಿಸ್ತಾರವಾದ ನೆಲದ ಮೇಲೆ ಅಂಗಡಿಗಳ ಸಾಲು ಎದ್ದಿದೆ, ಕಾಲೇಜಿನ ಕಟ್ಟಡ ಎದ್ದಿದೆ, ಹೊಸ ಮನೆಗಳು ಎದ್ದಿವೆ. ರೇ ಎಂಬ ಕಿರುನದಿಯ ಪಕ್ಕದ ಉದ್ಯಾನಕ್ಕೆ ಆಸ್ಟಿನ್ನನ ಹೆಸರನ್ನು ಇಟ್ಟಿರುವುದೊಂದೇ ಹಳಬರಿಗೆ ಸಮಾಧಾನ. 1905ರಲ್ಲಿ ಹರ್ಬರ್ಟ್ ಆಸ್ಟಿನ್ ಇಲ್ಲಿಗೆ ಬಂದಾಗ ಇದ್ದುದು ಪಾಳುಬಿದ್ದ ಒಂದು ಮುದ್ರಣಾಲಯ. ಮರುವರ್ಷ ಅದರೊಳಗಿಂದ ಮೊದಲ ಮೋಟಾರು ಹೊರಬಂದಿತು. ಮೊದಲನೆಯ ಮಹಾಯುದ್ಧದ ಕಾಲಕ್ಕೆ ಸುಮಾರು 20,000 ಮಂದಿ ಇಲ್ಲಿ ಫಿರಂಗಿ ಗುಂಡುಗಳನ್ನೂ ವಿಮಾನಗಳನ್ನೂ ತಯಾರಿಸುತ್ತಿದ್ದರು. 1959ರಲ್ಲಿ ಲೋಕಪ್ರಸಿದ್ಧವಾದ ಮಿನಿ ಇಲ್ಲಿಂದಲೇ ಹೊರಟಿತು. ಸರಿಯಾಗಿ ನೂರು ವರ್ಷ ತುಂಬಿದ 2005ರ ಏಪ್ರಿಲ್‌ನಲ್ಲಿ ಸಂಸ್ಥೆ ದಿವಾಳಿಯಾಗಿ ಸುಮಾರು 6,000 ಮಂದಿ ಒಮ್ಮೆಗೇ ಕೆಲಸ ಕಳೆದುಕೊಂಡರು. ಅಪ್ಪ, ಮಗ, ಮೊಮ್ಮಗ ಒಂದೇ ಗೇಟಿನಲ್ಲಿ ಒಳಹೊಕ್ಕು ಹೊರಬಂದ ಕುಟುಂಬಗಳಿದ್ದ ಊರಿನಲ್ಲಿ ಆ ವಸಂತ ಹೇಗೆ ಕಳೆದಿರಬಹುದು! ಅನಂತರ ಚೀನಾದ ಒಡೆತನದಲ್ಲಿ ಅಲ್ಪಸ್ವಲ್ಪ ಜೋಡಣೆಯ ಕೆಲಸ ನಡೆದುದುಂಟು. 2016ರಲ್ಲಿ ಅದೂ ನಿಂತಿತು.

ಆದುದರಿಂದ ಪ್ರವಾಸಿ ಲಾಂಗ್‌ಬ್ರಿಜ್‌ನಲ್ಲಿ ಹೆಚ್ಚು ಹೊತ್ತು ನಿಲ್ಲದೆ ಲಿಕಿ ಗುಡ್ಡಗಳತ್ತ ಹೊರಡುವುದು ಲೇಸು. ದೂರ ಎರಡು ಮೈಲಿಯಷ್ಟೆ. ರಸ್ತೆ ಮೆಲ್ಲಮೆಲ್ಲನೆ ಏರುತ್ತದೆ. ಇಟ್ಟಿಗೆಯ ಮನೆಗಳು ಹಿಂದಾಗಿ ಪೈನ್ ಮರಗಳ ತೋಪು ಮುಂದಾಗುತ್ತದೆ. ಬೀಕನ್ ಬೆಟ್ಟದ ನೆತ್ತಿಯ ಮೇಲೆ ನಿಂತರೆ ಬರ್ಮಿಂಗ್‌ಹ್ಯಾಮ್ ನಗರವೆಲ್ಲ ಹೊಗೆಯಿಲ್ಲದೆ, ಸದ್ದಿಲ್ಲದೆ ಕೆಳಗೆ ಹರಡಿಕೊಂಡಿರುತ್ತದೆ. ಊರೊಳಗೆ ಹೋಲಿ ಟ್ರಿನಿಟಿ ಎಂಬ ಸಣ್ಣ ಇಗರ್ಜಿ. ಅದರ ಅಂಗಳದಲ್ಲಿ ಹರ್ಬರ್ಟ್ ಆಸ್ಟಿನ್ನನ ಸಮಾಧಿಯಿದೆ. 1936ರಲ್ಲಿ ಬ್ರಿಟಿಷ್ ಸರ್ಕಾರ ಆತನಿಗೆ ಲಾಂಗ್‌ಬ್ರಿಜ್‌ನ ಬ್ಯಾರನ್ ಎಂಬ ಪದವಿಯನ್ನು ಕೊಟ್ಟಿತು. 1941ರ ಮೇ ತಿಂಗಳಲ್ಲಿ ಆತ ತೀರಿಕೊಂಡ. ಆತ ಬಾಳಿದ ಲಿಕಿ ಗ್ರೇಂಜ್ ಎಂಬ ಮನೆಯೂ ಇದೇ ಊರಿನಲ್ಲಿದೆ. ಈಗ ಅದನ್ನು ವಿಂಗಡಿಸಿ ಹಲವು ಸಂಸಾರಗಳು ವಾಸಿಸುತ್ತಿರುವುದರಿಂದ ಹೊರಗಿನಿಂದ ನೋಡಿ ತೃಪ್ತಿಪಡಬೇಕು. ಆದರೆ ಈ ಪಯಣದ ಮುಖ್ಯ ಸ್ಥಳ ಇದೇ. ಏಕೆಂದರೆ ಆಸ್ಟಿನ್ ಸೆವೆನ್ ಎಂಜಿನು ಹುಟ್ಟಿದುದು ಲಾಂಗ್‌ಬ್ರಿಜ್‌ನ ಕಾರಖಾನೆಯಲ್ಲಲ್ಲ. ಈ ಮನೆಯ ಬಿಲಿಯರ್ಡ್ಸ್ ಕೋಣೆಯಲ್ಲಿ.

ಕಥೆ 1921ರದು. ಯುದ್ಧ ಮುಗಿದಿತ್ತು, ಆಸ್ಟಿನ್ನನ ದೊಡ್ಡ ಮೋಟಾರುಗಳನ್ನು ಕೊಳ್ಳುವವರಿರಲಿಲ್ಲ. ಕಾರಖಾನೆ ಸಾಲಗಾರರ ಪರವಾದ ಅಧಿಕಾರಿಯ ಕೈಗೆ ಹೋಗಿತ್ತು. ಚಿಕ್ಕ ಮೋಟಾರೊಂದನ್ನು ಮಾಡಿದರೆ ಮಾತ್ರ ಉಳಿಗಾಲವೆಂದು ಆಸ್ಟಿನ್ನನ ನಂಬಿಕೆ. ಹಾಗೆ ಮಾಡಿದರೆ ಇರುವ ಹಣವೂ ಹೋಗುವುದೆಂದು ನಿರ್ದೇಶಕರ ನಂಬಿಕೆ. ಐವತ್ತೈದರ ಅಂಚಿನಲ್ಲಿದ್ದ ಆ ಹಟಮಾರಿ ಮನುಷ್ಯ ನಿರ್ದೇಶಕರೊಡನೆ ವಾದವನ್ನು ಮುಂದುವರಿಸದೆ ಕಾರಖಾನೆಯ ನಕ್ಷೆಗಾರರಲ್ಲಿ ಒಬ್ಬ ಹುಡುಗನನ್ನು ಆರಿಸಿ ತನ್ನ ಮನೆಗೆ ಕರೆಸಿಕೊಂಡ. ಹುಡುಗನ ಹೆಸರು ಸ್ಟ್ಯಾನ್ಲಿ ಎಡ್ಜ್, ವಯಸ್ಸು ಹದಿನೆಂಟು. ಬಿಲಿಯರ್ಡ್ಸ್ ಆಡುವ ಕೋಣೆಯೇ ನಕ್ಷೆಯ ಕೋಣೆಯಾಯಿತು. ಆಸ್ಟಿನ್ನನ ಒಬ್ಬನೇ ಮಗ 1915ರಲ್ಲಿ ಫ್ರಾನ್ಸಿನ ರಣಭೂಮಿಯಲ್ಲಿ ಮಡಿದಿದ್ದ. ಆ ಮನೆಯಲ್ಲಿ ಹದಿನೆಂಟರ ಹುಡುಗನೊಬ್ಬ ತಿಂಗಳುಗಟ್ಟಲೆ ಕುಳಿತು ಯಜಮಾನನೊಡನೆ ತಲೆಗೆ ತಲೆ ತಾಗಿಸಿ ಗೆರೆ ಎಳೆಯುತ್ತಿದ್ದನೆಂಬುದನ್ನು ಓದಿದವರಿಗೆ ಮೋಟಾರಿನ ವಿಷಯವಲ್ಲದ ಬೇರೊಂದು ವಿಷಯವೂ ಮನಸ್ಸಿಗೆ ತೋರದಿರದು.

ಯಜಮಾನನ ಮನಸ್ಸಿನಲ್ಲಿದ್ದುದು ಎರಡು ಸಿಲಿಂಡರಿನ ಅಗ್ಗದ ಎಂಜಿನು. ನಾಲ್ಕು ಸಿಲಿಂಡರಿನದನ್ನೇ ಚಿಕ್ಕದಾಗಿ, ಅಷ್ಟೇ ಅಗ್ಗವಾಗಿ ಮಾಡಬಹುದೆಂದು ಹುಡುಗ ಲೆಕ್ಕ ಹಾಕಿ ತೋರಿಸಿದ. ಬೆಲ್ಜಿಯಂ ದೇಶದ ಎಫ್.ಎನ್. ಮೋಟಾರು ಸೈಕಲ್ಲಿನ ಎಂಜಿನು ಅವನಿಗೆ ಮಾದರಿಯಾಗಿತ್ತು. ಯಜಮಾನ ಒಪ್ಪಿದ. ಹಟಮಾರಿಗಳು ಚಿಕ್ಕವರ ಮಾತನ್ನು ಒಪ್ಪುವುದು ಅಪರೂಪ. ಒಪ್ಪಿದಾಗ ಲೋಕಕ್ಕೆ ಲಾಭವಾಗುತ್ತದೆ. ಆಸ್ಟಿನ್ ಈ ಬಂಡಿಗೆ ಸ್ವಂತ ಹಣ ಸುರಿದಿದ್ದ. ಅದರ ಕೆಲವು ಭಾಗಗಳ ಹಕ್ಕನ್ನು ತನ್ನ ಹೆಸರಿನಲ್ಲೇ ಇಟ್ಟುಕೊಂಡು, ಮಾರಾಟವಾದ ಒಂದೊಂದು ಬಂಡಿಗೆ ಎರಡು ಗಿನಿಗಳಂತೆ ಸಂಸ್ಥೆಯಿಂದ ಪಡೆದ.

1922ರ ಜುಲೈಯಲ್ಲಿ ಬಂಡಿ ಜನರ ಕಣ್ಣಿಗೆ ಬಿದ್ದಿತು. ಒಂಬತ್ತು ಅಡಿ ಉದ್ದ, ನಾಲ್ಕು ಅಡಿಗೂ ಕಡಮೆ ಅಗಲ, ಸುಮಾರು 360 ಕಿಲೋ ತೂಕ. ಬೆಲೆ 165 ಪೌಂಡು. ಅಂದಿನ ಇಂಗ್ಲೆಂಡಿನಲ್ಲಿ ತೆರಿಗೆಯ ಲೆಕ್ಕಕ್ಕೆ ಎಣಿಸುತ್ತಿದ್ದ ಒಂದು ಅಶ್ವಶಕ್ತಿಗೆ ವರ್ಷಕ್ಕೆ ಒಂದು ಪೌಂಡು ತೆರಬೇಕಾಗಿತ್ತು. ಬಂಡಿಯ ಹೆಸರಿನಲ್ಲಿರುವ ಏಳು ಆ ಲೆಕ್ಕದ ಏಳು. ನೋಡಿದವರು ನಕ್ಕರು, ಆಟಿಕೆಯೆಂದರು, ಬೇಬಿ ಆಸ್ಟಿನ್ ಎಂದು ಅಡ್ಡಹೆಸರು ಇಟ್ಟರು. ಅಲ್ಲಿಯವರೆಗೆ ಮಧ್ಯಮ ವರ್ಗದ ಗೃಹಸ್ಥನಿಗೆ ಇದ್ದ ವಾಹನವೆಂದರೆ ಮೋಟಾರು ಸೈಕಲ್ಲು, ಅದರ ಪಕ್ಕಕ್ಕೆ ತಗಲಿಸಿದ ತೊಟ್ಟಿಲು. ಮಳೆ ಬಂದರೆ ಹೆಂಡತಿ ಮಕ್ಕಳೆಲ್ಲ ತೊಯ್ದು ತೊಪ್ಪೆಯಾಗುತ್ತಿದ್ದರು. ಅಂಥವನಿಗೆ ಛಾವಣಿಯುಳ್ಳ, ನಾಲ್ಕು ಚಕ್ರದ, ನಾಲ್ಕು ಚಕ್ರಕ್ಕೂ ಬ್ರೇಕುಳ್ಳ ಮೋಟಾರು ಕೈಗೆ ಎಟಕುವ ಬೆಲೆಗೆ ಸಿಕ್ಕಿದರೆ ಬಿಡುವನೆ? 1939ರವರೆಗೆ ಸುಮಾರು 2,90,000 ಬಂಡಿಗಳು ಮಾರಾಟವಾದವು. ಕಾರಖಾನೆ ಉಳಿಯಿತು. ನಮ್ಮ ದೇಶಕ್ಕೂ ಲಾಂಗ್‌ಬ್ರಿಜ್‌ನ ನಂಟು ಇಲ್ಲದಿಲ್ಲ. ಅಲ್ಲಿಯದೇ ಆದ ಎ-40 ಬಂಡಿಯ ಬಿಡಿಭಾಗಗಳನ್ನು ತರಿಸಿ 1949ರಿಂದ ಮದರಾಸಿನ ಎಣ್ಣೂರಿನಲ್ಲಿ ಅಶೋಕ್ ಮೋಟಾರ್ಸ್‌ನವರು ಜೋಡಿಸುತ್ತಿದ್ದರು.

ಬೇಬಿಯ ಸಂತಾನ ಎಲ್ಲೆಲ್ಲಿಗೆ ಹರಡಿತೆಂಬುದು ಬೇರೆಯೇ ಒಂದು ಪುರಾಣ. ಜರ್ಮನಿಯ ಐಸೆನಾಖ್‌ನಲ್ಲಿ ಡಿಕ್ಸಿ ಎಂಬ ಸಂಸ್ಥೆ ಆಸ್ಟಿನ್ನನ ಅನುಮತಿ ಪಡೆದು ಇದೇ ಬಂಡಿಯನ್ನು ಮಾಡುತ್ತಿತ್ತು. 1928ರಲ್ಲಿ ಆ ಸಂಸ್ಥೆಯನ್ನು ಕೊಂಡು ಮೋಟಾರು ಬಂಡಿಗಳ ವ್ಯವಹಾರಕ್ಕೆ ಕಾಲಿಟ್ಟವರೇ ಬಿ.ಎಂ.ಡಬ್ಲ್ಯು.ನವರು. 1994ರಿಂದ 2000ದವರೆಗೆ ಲಾಂಗ್‌ಬ್ರಿಜ್‌ಗೆ ಅವರೇ ಒಡೆಯರಾಗಿದ್ದರು. ಹಾಲುಂಡ ಮನೆಯನ್ನೇ ಕೊಂಡು, ಆರು ವರ್ಷ ಇದ್ದು, ಮಾರಿ ಹೊರಟುಹೋದರು. ಲೋಟಸ್ ಹೆಸರಿನ ಪಂದ್ಯದ ಮೋಟಾರುಗಳನ್ನು ಕಟ್ಟಿದ ಕಾಲಿನ್ ಚ್ಯಾಪ್‌ಮನ್ 1948ರಲ್ಲಿ ತನ್ನ ಮೊದಲ ಬಂಡಿಯನ್ನು ರೂಪಿಸಿದುದು ಹಳೆಯ ಆಸ್ಟಿನ್ ಸೆವೆನ್ನಿನ ಮೇಲೆ, ಲಂಡನ್ನಿನಲ್ಲಿ ಆತ ಮುಂದೆ ಮದುವೆಯಾದ ಹುಡುಗಿಯ ಮನೆಯ ಹಿಂದಿನ ಷೆಡ್ಡಿನಲ್ಲಿ. ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿ ಮೋಟಾರು ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದ ಲೆಸ್ ಮೆಕ್‌ಲಾರೆನ್ 1929ರ ಅಲ್ಸ್ಟರ್ ಮಾದರಿಯ ಸೆವೆನ್ ಒಂದನ್ನು ಬಿಡಿಬಿಡಿ ಭಾಗಗಳಾಗಿಯೇ ಕೊಂಡು ತಂದ. ಅಪ್ಪ ಮಗ ಸೇರಿ ಅದನ್ನು ಜೋಡಿಸಿದರು. ಒಮ್ಮೆ ಓಡಿಸಿ ನೋಡಿದ ಅಪ್ಪನಿಗೆ ಭಯವಾಗಿ ಮಾರಿಬಿಡೋಣವೆಂದ, ಮಗ ಬಿಡಲಿಲ್ಲ. ಆ ಮಗ ಬ್ರೂಸ್ ಮೆಕ್‌ಲಾರೆನ್. ಅವನ ಹೆಸರು ಹೊತ್ತ ತಂಡ ಇಂದಿಗೂ ಲೋಕದ ದೊಡ್ಡ ದೊಡ್ಡ ಪಂದ್ಯಗಳಲ್ಲಿ ಓಡುತ್ತಿದೆ.

ಹೀಗೆ ಮನೆಯಲ್ಲಿ ಹುಟ್ಟಿದ ಎಂಜಿನು ಮನೆಯ ಷೆಡ್ಡುಗಳಲ್ಲಿಯೇ ಪುನರ್ಜನ್ಮ ಪಡೆಯುತ್ತ ಬಂದಿದೆ. ಕಾರಖಾನೆ ನೆಲಸಮವಾದರೂ ಇಂಗ್ಲೆಂಡಿನಲ್ಲಿ, ಆಸ್ಟ್ರೇಲಿಯದಲ್ಲಿ, ನ್ಯೂಜಿಲೆಂಡಿನಲ್ಲಿ ಸಾವಿರಾರು ಸೆವೆನ್‌ಗಳು ಇನ್ನೂ ಓಡುತ್ತಿರುವುದಕ್ಕೆ ಕಾರಣ ಅದೇ. ಕಥೆಯ ಆರಂಭ ಸಾಮಾನ್ಯವಾಗಿ ಹೀಗಿರುತ್ತದೆ: 1960ರಲ್ಲಿ ಬ್ರಿಟಿಷ್ ಸರ್ಕಾರ ಹತ್ತು ವರ್ಷ ಮೀರಿದ ಮೋಟಾರುಗಳನ್ನೆಲ್ಲ ಪರೀಕ್ಷೆಗೆ ಒಳಪಡಿಸಬೇಕೆಂದು ವಿಧಿಸಿತು. ಬ್ರೇಕು ಹಿಡಿಯದ ಎಷ್ಟೋ ಮುದಿ ಸೆವೆನ್‌ಗಳು ಗುಜರಿಗೆ ಹೋದವು. ಕೆಲವನ್ನು ಅವುಗಳ ಯಜಮಾನರು ಮನಸ್ಸು ಬಾರದೆ ಹುಲ್ಲಿನ ಕೊಟ್ಟಿಗೆಯಲ್ಲೋ ಷೆಡ್ಡಿನಲ್ಲೋ ನೂಕಿ ಬಾಗಿಲು ಹಾಕಿದರು. ಮಗನ ಕಾಲ ಕಳೆದು ಮೊಮ್ಮಗಳು ಬಾಗಿಲು ತೆರೆದಾಗ ಕೋಳಿಗಳು ಸೀಟಿನ ಮೇಲೆ ಸಂಸಾರ ಹೂಡಿರುತ್ತವೆ.

ಮೊದಲ ಆಸೆ ಹ್ಯಾಂಡಲು ಹೊಡೆದು ನೋಡಬೇಕೆಂಬುದು. ಬಲ್ಲವರು ಅದನ್ನು ಕಡ್ಡಾಯವಾಗಿ ತಡೆಯುತ್ತಾರೆ. ಅರವತ್ತು ವರ್ಷ ಅಲುಗದ ಪಿಸ್ಟನ್ನುಗಳು ಸಿಲಿಂಡರಿನ ಗೋಡೆಗೆ ತುಕ್ಕಿನಿಂದ ಅಂಟಿಕೊಂಡಿರುತ್ತವೆ. ಬಲವಂತ ಮಾಡಿದರೆ ಮುರಿಯುವುದು ತುಕ್ಕಲ್ಲ, ಉಕ್ಕು. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಆ ರಂಧ್ರಗಳಲ್ಲಿ ತೆಳುವಾದ ಎಣ್ಣೆಯನ್ನು ಹುಯ್ದು ಕಾಯಬೇಕು. ಒಂದು ದಿನವಲ್ಲ, ವಾರಗಟ್ಟಲೆ. ದಿನಕ್ಕೊಮ್ಮೆ ಎಣ್ಣೆ ಹುಯ್ಯುವುದು, ಕೂದಲೆಳೆಯಷ್ಟಾದರೂ ಕದಲಿತೇ ಎಂದು ಮೆಲ್ಲಗೆ ನೋಡುವುದು. ಇಷ್ಟು ತಾಳ್ಮೆ ಇಲ್ಲದವರು ಹೊಸ ಮೋಟಾರು ಕೊಳ್ಳುವುದು ಉತ್ತಮ.

ಎಂಜಿನು ಕದಲಿದ ದಿನ ಮನೆಯಲ್ಲಿ ಹಬ್ಬ. ಅಲ್ಲಿಂದ ಮುಂದೆ ಬಿಚ್ಚುವ ಕೆಲಸ. ಎಡ್ಜ್ ಎಳೆದ ಗೆರೆಗಳ ಸರಳತೆ ಕೈಗೆ ತಿಳಿಯುವುದು ಆಗ. ಕೆಳಗೆ ಅಲ್ಯೂಮಿನಿಯಮ್ಮಿನ ಪೆಟ್ಟಿಗೆ, ಅದರೊಳಗೆ ಕ್ರ್ಯಾಂಕು. ಮೇಲೆ ಎರಕದ ಕಬ್ಬಿಣದ ಬ್ಲಾಕು. ಅದರಲ್ಲಿ ನಾಲ್ಕು ಸಿಲಿಂಡರು. ಅದರ ಮೇಲೆ ಮುಚ್ಚಳ. ನಟ್ಟುಗಳನ್ನು ತೆಗೆದರೆ ಒಂದರ ಮೇಲೊಂದು ಇಟ್ಟ ಡಬ್ಬಿಗಳಂತೆ ಬೇರೆಯಾಗಿ ಬರುತ್ತವೆ. ಬ್ಲಾಕನ್ನು ಒಬ್ಬನೇ ಎತ್ತಬಹುದು. ಇಡೀ ಎಂಜಿನನ್ನು ಇಬ್ಬರು ಹೊತ್ತು ಅಡಿಗೆಮನೆಗೆ ತರಬಹುದು, ಮನೆಯಾಕೆ ಒಪ್ಪಿದರೆ. ಸಿಲಿಂಡರಿನ ಅಗಲ 56 ಮಿಲಿಮೀಟರು. ಪಿಸ್ಟನ್ನು ನಮ್ಮ ಕಾಫಿ ಲೋಟದೊಳಗೆ ಕುಳಿತೀತು. ನಾಲ್ಕೂ ಸೇರಿ 747 ಘನ ಸೆಂಟಿಮೀಟರು. ಆರಂಭದ ಬಂಡಿಗಳಲ್ಲಿ ಸುಮಾರು 10 ಅಶ್ವಶಕ್ತಿ. ನೀರನ್ನು ತಳ್ಳುವ ಪಂಪು ಕೂಡ ಇಲ್ಲ. ಕಾದ ನೀರು ತಾನಾಗಿ ಮೇಲೇರುತ್ತದೆ, ರೇಡಿಯೇಟರಿನಲ್ಲಿ ತಣಿದದ್ದು ಕೆಳಗಿಳಿಯುತ್ತದೆ. ಹಂಡೆಯಲ್ಲಿ ನೀರು ಕಾಯಿಸಿದ ಯಾರಿಗಾದರೂ ತಿಳಿಯುವ ತತ್ತ್ವ. ಆದರೆ ಆ ದಾರಿಯಲ್ಲಿ ಅರವತ್ತು ವರ್ಷದ ತುಕ್ಕಿನ ಕೆಸರು ತುಂಬಿರುತ್ತದೆ. ತಂತಿ ಬಗ್ಗಿಸಿ ಅದನ್ನು ಚಮಚ ಚಮಚವಾಗಿ ಕೆದಕಿ ತೆಗೆಯುವುದರಲ್ಲಿ ಒಂದು ಭಾನುವಾರ ಕಳೆಯುತ್ತದೆ.

ಎಂಟು ವಾಲ್ವುಗಳನ್ನು ಮರಳು ಬೆರೆತಂಥ ಲೇಪ ಹಚ್ಚಿ, ಕೋಲಿನ ತುದಿಗೆ ಅಂಟಿಸಿ, ಎರಡು ಅಂಗೈಗಳ ನಡುವೆ ಕಡೆಗೋಲಿನಂತೆ ಹೊಸೆದು ಹೊಸೆದು ಪೀಠಕ್ಕೆ ಕೂರಿಸಬೇಕು. ಇದನ್ನು ಮಕ್ಕಳಿಗೆ ವಹಿಸಬಹುದು. ಹಳೆಯ ಗ್ಯಾಸ್ಕೆಟ್ಟುಗಳನ್ನು ಮಾತ್ರ ವಹಿಸಕೂಡದು. ತಾಮ್ರದ ನಡುವೆ ಕಲ್ನಾರು ತುಂಬಿ ಮಾಡಿದ ಅವುಗಳ ಧೂಳು ಶ್ವಾಸಕೋಶಕ್ಕೆ ಎಂಥ ಕೇಡೆಂಬುದು ಆಸ್ಟಿನ್ನನ ಕಾಲದ ಮನೆಗಳಿಗೆ ತಿಳಿದಿರಲಿಲ್ಲ, ಈಗ ತಿಳಿದಿದೆ. ಒಣಗಿದ್ದಾಗ ಕೆರೆಯದೆ, ಒದ್ದೆ ಮಾಡಿ ಚೀಲದಲ್ಲಿ ಕಟ್ಟಿ ವಿಧಿಪ್ರಕಾರ ವಿಲೇವಾರಿ ಮಾಡಬೇಕು. ಸಿಲಿಂಡರು ಸವೆದಿದ್ದರೆ ಲೇತಿನವರಲ್ಲಿಗೆ ಒಯ್ದು ಬೋರ್ ಮಾಡಿಸಿ ದಪ್ಪ ಪಿಸ್ಟನ್ನು ಹಾಕಬೇಕು. ಅಂಥ ಪಿಸ್ಟನ್ನುಗಳನ್ನು ಇಂದಿಗೂ ಹೊಸದಾಗಿ ಮಾಡಿ ಮಾರುವವರಿದ್ದಾರೆ.

ಈ ಎಂಜಿನಿನ ಪ್ರಾಣವೂ ಅಪಾಯವೂ ಇರುವುದು ಕ್ರ್ಯಾಂಕಿನಲ್ಲಿ. ನಾಲ್ಕು ಪಿಸ್ಟನ್ನುಗಳ ಏಟನ್ನು ಹೊರುವ ಈ ದಂಡಕ್ಕೆ ಆಧಾರ ಎರಡು ತುದಿಗಳಲ್ಲಿ ಮಾತ್ರ, ನಡುವೆ ಇಲ್ಲ. ವೇಗ ಹೆಚ್ಚಿದರೆ ಅದು ಹುಡುಗಿಯರು ಆಡುವ ಹಗ್ಗದಂತೆ ನಡುವಿನಲ್ಲಿ ಬಾಗಿ ಸುತ್ತುತ್ತದೆ. ಮೂರನೆಯ ಬೇರಿಂಗು ಬಂದುದು 1936ರಲ್ಲಿ. ಎಣ್ಣೆಯ ವ್ಯವಸ್ಥೆಯಂತೂ ನೋಡಿದವರ ಎದೆ ಝಲ್ಲೆನಿಸುವಂಥದು. ಪಂಪಿನಿಂದ ಬಂದ ಎಣ್ಣೆ ಎರಡು ಸಣ್ಣ ಜೆಟ್ಟುಗಳಿಂದ ಪಿಚಕಾರಿಯಂತೆ ಚಿಮ್ಮುತ್ತದೆ. ತಿರುಗುತ್ತಿರುವ ಕ್ರ್ಯಾಂಕಿನ ಮೈಯಲ್ಲಿ ಅದಕ್ಕೆಂದೇ ತೋಡಿದ ಗುಳಿ ಎದುರಿಗೆ ಬಂದಾಗ ಅದರೊಳಗೆ ಬಿದ್ದು, ತಿರುಗುವ ರಭಸಕ್ಕೆ ಹೊರಮುಖವಾಗಿ ಹರಿದು ಬೇರಿಂಗಿಗೆ ತಲುಪುತ್ತದೆ. ಉಗುಳಿ ದೇವರ ಮೇಲೆ ಭಾರ ಹಾಕುವ ಪದ್ಧತಿಯೆಂದು ಸೆವೆನ್ ಬಲ್ಲವರು ನಗುವುದುಂಟು. ಜೆಟ್ಟಿನ ಬಾಯಿಗೆ ಒಂದು ಕಸ ಸಿಕ್ಕಿದರೆ ಸಾಕು, ಬೇರಿಂಗು ಕರಗಿತೆಂದೇ ಲೆಕ್ಕ. ಆದರೆ ಹುಡುಗ ಎಡ್ಜ್ ಇಲ್ಲಿಯೂ ಮನೆಯವನನ್ನು ಮರೆತಿಲ್ಲ. ಹೊರಗಿನಿಂದಲೇ ತಿರುಪು ಬಿಚ್ಚಿ, ತೆಳುವಾದ ತಂತಿ ತೂರಿಸಿ ಜೆಟ್ಟನ್ನು ಶುಚಿಮಾಡಲು ದಾರಿ ಬಿಟ್ಟಿದ್ದಾನೆ.

ಪಿಸ್ಟನ್ ತೋಳುಗಳ ಕೆಳತುದಿಯ ಬೇರಿಂಗನ್ನು ವೈಟ್ ಮೆಟಲ್ ಎಂಬ, ತವರವೇ ಮುಖ್ಯವಾದ ಮೆತ್ತನೆಯ ಲೋಹದಿಂದ ಎರೆಯಬೇಕು. ಮನೆಯಲ್ಲಿ ಆಗದ ಕೆಲಸವಿದು. ಲೋಹದ ಕಾವನ್ನು ಕಣ್ಣಿನಿಂದಲೇ ಅಳೆದು ಹುಯ್ಯಬಲ್ಲ ಮುದುಕರು ಒಬ್ಬೊಬ್ಬರಾಗಿ ಕುಲುಮೆ ಆರಿಸುತ್ತಿದ್ದಾರೆ. ಪಿಸ್ಟನ್ನನ್ನು ಹೊಸದಾಗಿ ಮಾಡಿಸಬಹುದು, ಕ್ರ್ಯಾಂಕನ್ನು ಮಾಡಿಸಬಹುದು. ಆ ಕೈಯನ್ನು ಎಲ್ಲಿ ಮಾಡಿಸುವುದು? 1939ರಲ್ಲಿ, ಕೊನೆಯ ಸೆವೆನ್ ಹೊರಬಿದ್ದ ವರ್ಷವೇ, ಇಂಗ್ಲೆಂಡಿನಲ್ಲಿ ಹುಟ್ಟಿದ 750 ಮೋಟಾರ್ ಕ್ಲಬ್ಬೂ ಅನಂತರ ಹುಟ್ಟಿದ ಹತ್ತಾರು ಸೆವೆನ್ ಸಂಘಗಳೂ ಬಿಡಿಭಾಗಗಳಷ್ಟೇ ಅಲ್ಲದೆ ತಿಳಿವಳಿಕೆಯನ್ನೂ ಕೈಯಿಂದ ಕೈಗೆ ದಾಟಿಸಿಕೊಂಡು ಬಂದಿರುವುದರಿಂದ ಇಷ್ಟಾದರೂ ಉಳಿದಿದೆ.

ಈ ಸಂಘಗಳಲ್ಲಿ ತೀರದ ಜಗಳವೊಂದಿದೆ. ಹಳೆಯ ಸಂಸಾರದ ಸೆವೆನ್, ಎಂದರೆ ಮುಚ್ಚಿದ ಛಾವಣಿಯ ಪೆಟ್ಟಿಗೆಯಂಥ ಬಂಡಿ, ಸಿಕ್ಕಿದೊಡನೆ ಅದರ ಮೈಯನ್ನು ಕಿತ್ತೆಸೆದು, ದೋಣಿಯಾಕಾರದ ತಗಡು ಹೊದಿಸಿ, ಎಂಜಿನಿಗೆ ಹೊಸ ಗಟ್ಟಿ ಕ್ರ್ಯಾಂಕು ಹಾಕಿ ಪಂದ್ಯದ ಬಂಡಿಯಂತೆ ಮಾಡಿಕೊಳ್ಳುವವರು ಒಂದು ಪಕ್ಷ. ಚ್ಯಾಪ್‌ಮನ್ ಮಾಡಿದ್ದೂ ಅದನ್ನೇ ಅಲ್ಲವೆ ಎಂಬುದು ಅವರ ವಾದ. ಇದ್ದಂತೆಯೇ ಉಳಿಸಬೇಕೆಂಬುದು ಇನ್ನೊಂದು ಪಕ್ಷ. ಚ್ಯಾಪ್‌ಮನ್ನನ ಕಾಲದಲ್ಲಿ ಸಂಸಾರದ ಸೆವೆನ್‌ಗಳು ಬೀದಿಗೆ ಹತ್ತು ಬಿದ್ದಿದ್ದವು, ಈಗ ಹಾಗಿಲ್ಲ ಎಂಬುದನ್ನು ನೆನೆದರೆ ಎರಡನೆಯವರ ಮಾತೇ ಒಪ್ಪತಕ್ಕದ್ದು. ಗುಡುಗುತ್ತ ಓಡುವ ಬಂಡಿ ಹುಡುಗರಿಗೆ ಚೆಂದ. ಆದರೆ ಲಿಕಿ ಗ್ರೇಂಜ್‌ನಲ್ಲಿ ಗೆರೆ ಎಳೆದುದು ಅಪ್ಪ, ಅಮ್ಮ, ಎರಡು ಮಕ್ಕಳು ಮಳೆಯಲ್ಲಿ ತೊಯ್ಯದೆ ಊರು ಸೇರಲೆಂದು. ಕ್ರ್ಯಾಂಕಿನ ಮಾತು ಬೇರೆ. ಮುರಿಯುವ ಕ್ರ್ಯಾಂಕು ಬ್ಲಾಕನ್ನೂ ಒಡೆದುಹಾಕುವುದರಿಂದ ಅದನ್ನು ಬದಲಿಸಿದವರನ್ನು ದೂರುವಂತಿಲ್ಲ.

ಮತ್ತೆ ಜೋಡಿಸುವಾಗ ಅಡಿಗೆಮನೆಯ ನೆರವು ಬೇಕೇ ಬೇಕು. ಅಲ್ಯೂಮಿನಿಯಂ ಪೆಟ್ಟಿಗೆಯನ್ನು ಒವನ್ನಿನಲ್ಲಿ ಹದವಾಗಿ ಬಿಸಿಮಾಡಿದರೆ ಅದು ಹಿಗ್ಗಿ ಬೇರಿಂಗು ಸುತ್ತಿಗೆಯ ಏಟಿಲ್ಲದೆ ತಾನಾಗಿ ಒಳಗೆ ಕೂರುತ್ತದೆ. ಭಾನುವಾರದ ರೊಟ್ಟಿಗೆ ಎಂಜಿನ್ ಎಣ್ಣೆಯ ವಾಸನೆ ಹತ್ತಿದುದು ಯಾವ ಮನೆಯಲ್ಲೂ ಬಹುಕಾಲ ಮರೆಯುವ ವಿಷಯವಲ್ಲ.

ಕೊನೆಗೆ ಒಂದು ಬೆಳಗ್ಗೆ ಪ್ಲಗ್ಗುಗಳಿಲ್ಲದೆಯೇ ಹ್ಯಾಂಡಲು ತಿರುಗಿಸುತ್ತಾರೆ. ಮುಂದಿನ ಹಲಗೆಯ ಮೇಲಿನ ಸಣ್ಣ ಗುಂಡಿಯೊಂದು ಎಣ್ಣೆಯ ಒತ್ತಡಕ್ಕೆ ಹೊರಗೆ ಚಾಚಿಕೊಳ್ಳುವವರೆಗೆ ತಿರುಗಿಸಿ, ಅನಂತರ ಪ್ಲಗ್ಗು ಹಾಕಿ, ಪೆಟ್ರೋಲು ಬಿಟ್ಟು, ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕಕ್ಕೇ ಇಟ್ಟುಕೊಂಡು ಹ್ಯಾಂಡಲನ್ನು ಮೇಲಕ್ಕೆ ಎಳೆಯುತ್ತಾರೆ. ಹೆಬ್ಬೆರಳು ಸುತ್ತಿ ಹಿಡಿದವನಿಗೆ ಎಂಜಿನು ಒಮ್ಮೆ ಹಿಂದಕ್ಕೆ ಒದ್ದರೆ ಮೂಳೆ ಮುರಿಯುತ್ತದೆ. ನಾಲ್ಕನೆಯದೋ ಹದಿನಾಲ್ಕನೆಯದೋ ಎಳೆತಕ್ಕೆ ಹೊಗೆ ಉಗುಳಿ, ಕೆಮ್ಮಿ, ಬಂಡಿಯೆಲ್ಲ ಅಲುಗುವಂತೆ ಎಂಜಿನು ಹತ್ತಿಕೊಳ್ಳುತ್ತದೆ. ಮುದುಕರು ಷೆಡ್ಡಿನಿಂದ ಹೊರಗೆ ಬಂದು ಕಣ್ಣಿಗೆ ಹೊಗೆ ಹೋಯಿತೆನ್ನುತ್ತಾರೆ.

ಹೊಸ ಪಿಸ್ಟನ್ನು ಪಳಗುವವರೆಗೆ, ಎಂದರೆ ಮೊದಲ 500 ಮೈಲಿ, ಗಂಟೆಗೆ 30 ಮೈಲಿಗಿಂತ ಹೆಚ್ಚು ವೇಗ ಕೂಡದು; ಅದಾದ ಮೇಲೆ ಎಣ್ಣೆಯನ್ನೆಲ್ಲ ಬಸಿದು ಹೊಸದನ್ನು ತುಂಬಿ, ಮುಚ್ಚಳದ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು. ಆದುದರಿಂದ ಬೇಸಗೆಯ ಭಾನುವಾರಗಳಲ್ಲಿ ಬರ್ಮಿಂಗ್‌ಹ್ಯಾಮ್ ಸುತ್ತಿನ ಕಿರುದಾರಿಗಳಲ್ಲಿ ಇಕ್ಕಟ್ಟಾಗಿ ಕುಳಿತ ಸಂಸಾರವೊಂದನ್ನು ಹೊತ್ತು ಬೇಬಿ ಆಸ್ಟಿನ್ ನಿಧಾನವಾಗಿ ಏರು ಹತ್ತುತ್ತಿದ್ದರೆ, ಹಿಂದೆ ಹತ್ತು ಮೋಟಾರುಗಳು ಸಾಲುಗಟ್ಟಿ ಕಾದಿರುತ್ತವೆ. ಹಾರ್ನು ಮಾಡುವವರು ಕಡಮೆ.